ನೋಡಿದವರ ಜಪಾನು, ದುಡಿದವರ ಜಪಾನು

ಪ್ರವಾಸ ಕಥನವೆಂಬುದು ನಮ್ಮ ಸಾಹಿತ್ಯದಲ್ಲಿ ಬಹು ಮಾನ್ಯತೆ ಪಡೆದ ಪ್ರಕಾರ. ಪರದೇಶಕ್ಕೆ ಹೋಗಿಬಂದವರು ಬರೆಯದೆ ಉಳಿಯುವುದು ಅಪರೂಪ. ಅವರು ಬರೆದದ್ದನ್ನು ನಾವು ಓದದೆ ಬಿಡುವುದು ಇನ್ನೂ ಅಪರೂಪ. ಮನೆಯ ಜಗಲಿಯ ಮೇಲೆ ಕುಳಿತು ದೇಶಾಂತರ ನೋಡುವ ಸುಖ ಯಾರಿಗೆ ಬೇಡ? ಈ ಬಗೆಯ ಪುಸ್ತಕಗಳನ್ನು ಇಪ್ಪತ್ತು ವರ್ಷಗಳಿಂದ ನಾನೂ ಪ್ರೀತಿಯಿಂದ ಪಾಠ ಹೇಳಿದ್ದೇನೆ. ಒಳ್ಳೆಯ ಪ್ರವಾಸ ಕಥನದ ಲಕ್ಷಣಗಳೇನು ಎಂಬ ಪ್ರಶ್ನೆಗೆ ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುವ ಉತ್ತರ ನನ್ನದೇ: ಹೊಸ ನೋಟ, ಸೌಂದರ್ಯ ಪ್ರಜ್ಞೆ, ಅನ್ಯ ಸಂಸ್ಕೃತಿಯ ಬಗ್ಗೆ ಗೌರವ, ನಡುನಡುವೆ ತಿಳಿಹಾಸ್ಯ. ಈ ಉತ್ತರಕ್ಕೆ ನಾನು ಧಾರಾಳವಾಗಿ ಅಂಕ ಕೊಟ್ಟಿದ್ದೇನೆ. ಆದರೆ ಆ ಒರೆಗಲ್ಲೇ ಸರಿಯಿಲ್ಲವೇನೋ ಎಂಬ ಸಂಶಯ ಈಚೆಗೆ ನನ್ನನ್ನು ಕಾಡುತ್ತಿದೆ. ಸಂಶಯವನ್ನು ಹುಟ್ಟಿಸಿದವನು ನನ್ನ ಹಳೆಯ ವಿದ್ಯಾರ್ಥಿ. ತಪ್ಪು ಮಾಡಿದವನು ನಾನು. ವಿಮರ್ಶಕರು ಪರರ ತಪ್ಪುಗಳನ್ನು ಬರೆಯುವುದೇ ರೂಢಿ. ಇಂದು ನನ್ನದನ್ನೇ ಬರೆದರೆ ಓದುಗರು ಮನ್ನಿಸಬೇಕು.

ಅಂಕೋಲೆಯ ಕಡೆ, ಗಂಗಾವಳಿ ಹೊಳೆಯ ದಂಡೆಯ ಹಳ್ಳಿಯ ಹುಡುಗ ಅವನು. ಕಾರವಾರದಲ್ಲಿ ನನ್ನ ತರಗತಿಯಲ್ಲಿ ಕುಳಿತದ್ದು ವಿಜ್ಞಾನದ ವಿದ್ಯಾರ್ಥಿಯಾಗಿ. ಕನ್ನಡವನ್ನು ಭಾಷಾವಿಷಯವೆಂದಷ್ಟೇ ಓದಿದವನಾದರೂ ಅವನ ವಾಕ್ಯ ಗಟ್ಟಿಯಾಗಿತ್ತು. ಮುಂದೆ ಕಂಪ್ಯೂಟರ್ ವಿದ್ಯೆ ಕಲಿತು, ಬೆಂಗಳೂರಿನಲ್ಲಿ ಎರಡು ವರ್ಷ ದುಡಿದು, ಟೋಕಿಯೊಗೆ ಹೋದ. ಅದೇ ವೇಳೆಗೆ ಊರಿನ ಸಂಘವೊಂದು ಸ್ಮರಣ ಸಂಚಿಕೆ ತರುವ ಸಂಭ್ರಮದಲ್ಲಿತ್ತು. ಸಂಪಾದಕನ ಹೊರೆ ನನ್ನ ಹೆಗಲಿಗೆ ಬಂತು. ‘ಜಪಾನಿನ ಮೇಲೆ ಒಂದು ಲೇಖನ ಕಳಿಸು ತಮ್ಮಾ’ ಎಂದು ಬರೆದೆ. ಹದಿನಾಲ್ಕು ಪುಟ ಬಂತು.

ಆ ಹದಿನಾಲ್ಕು ಪುಟಗಳಲ್ಲಿ ಫ್ಯೂಜಿ ಪರ್ವತವಿರಲಿಲ್ಲ. ಚೆರಿಯ ಹೂವು ಒಂದೇ ಒಂದು ವಾಕ್ಯದಲ್ಲಿ ಬಂದಿತ್ತು. ಅದೂ ಕಚೇರಿಗೆ ಹೋಗುವ ದಾರಿಯಲ್ಲಿ ಉದುರಿ ಬೂಟಿಗೆ ಅಂಟಿಕೊಂಡಿದ್ದ ಹೂವು. ಉಳಿದದ್ದೆಲ್ಲ ಮನೆ ಹುಡುಕಿದ ಕಥೆ, ಕಚೇರಿಯ ಕಥೆ, ಕಸದ ಕಥೆ. ಮನೆಯ ದಲ್ಲಾಳಿ ಮಾಲಿಕರಿಗೆ ಫೋನು ಮಾಡಿ, ಮೊದಲ ಮಾತಿನಲ್ಲೇ ‘ಬಾಡಿಗೆಗೆ ಬರುವವರು ವಿದೇಶಿಯರು, ಆದೀತೆ?’ ಎಂದು ಕೇಳುತ್ತಾನೆ; ಎದುರಿಗೆ ಕುಳಿತ ಇವನು ಆ ಒಂದು ವಾಕ್ಯವನ್ನು ಮಾತ್ರ ಬೇಗ ಕಲಿತುಕೊಳ್ಳುತ್ತಾನೆ. ಒಪ್ಪಿದ ಮಾಲಿಕನಿಗೆ ಠೇವಣಿಯಲ್ಲದೆ ‘ರೇಯ್ಕಿನ್’ ಎಂಬ ಇನ್ನೊಂದು ಹಣ ಕೊಡಬೇಕು. ಮನೆ ಕೊಟ್ಟದ್ದಕ್ಕೆ ಕೃತಜ್ಞತೆಯ ಕಾಣಿಕೆ ಅದು, ಮರಳಿ ಬರುವುದಲ್ಲ. ಮನೆ ಸೇರಿದ 14 ದಿನಗಳೊಳಗೆ ವಾರ್ಡಿನ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. 2012ರಲ್ಲಿ ಜಾರಿಗೆ ಬಂದ ನಿವಾಸದ ಕಾರ್ಡನ್ನು ಸದಾ ಜೊತೆಯಲ್ಲಿ ಇಟ್ಟುಕೊಂಡಿರಬೇಕು. ಜಪಾನಿ ಭಾಷೆಯಲ್ಲಿ ಲಕಾರವಿಲ್ಲ; ಹೆಸರಿನಲ್ಲಿ ಎರಡು ಲಕಾರವಿದ್ದ ನಮ್ಮ ಹುಡುಗ ಅಲ್ಲಿ ಎರಡು ರಕಾರದವನಾದ. ಮೊದಲ ತಿಂಗಳು ತನ್ನ ಹೆಸರು ಕರೆದರೂ ಅವನು ಎದ್ದು ನಿಲ್ಲುತ್ತಿರಲಿಲ್ಲವಂತೆ.

ಕಸದ ಅಧ್ಯಾಯ ಮೂರು ಪುಟ. ಸುಡುವ ಕಸ, ಸುಡದ ಕಸ, ಬಾಟಲಿ, ರದ್ದಿ ಕಾಗದ. ಒಂದೊಂದಕ್ಕೆ ಒಂದೊಂದು ವಾರ. ಬಾಂಗಡೆ ಮೀನು ಅಲ್ಲಿಯೂ ಸಿಗುತ್ತದೆ. ಆದರೆ ಅದರ ತಲೆ, ಮುಳ್ಳುಗಳನ್ನು ಸುಡುವ ಕಸದ ದಿನದವರೆಗೆ ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಬೇಕು. ‘ಆಯಿ ಮೀನು ತೊಳೆದ ನೀರನ್ನು ತೆಂಗಿನ ಬುಡಕ್ಕೆ ಹಾಕುತ್ತಾಳೆ, ತಲೆ ಬೆಕ್ಕಿಗೆ, ನಾನು ಮಾತ್ರ ಮೀನಿನ ಮುಳ್ಳನ್ನು ಹಾಲಿನ ಪಕ್ಕದಲ್ಲಿಟ್ಟು ಗುರುವಾರಕ್ಕೆ ಕಾಯುತ್ತೇನೆ’ ಎಂದು ಬರೆದಿದ್ದ.

ಕಚೇರಿಯ ಭಾಗ ಹೀಗಿತ್ತು. ಸಂಜೆ ಇತರರಿಗಿಂತ ಮೊದಲು ಹೊರಡುವವರು ಅಲ್ಲಿ ಒಂದು ಮಾತು ಹೇಳಿ ಹೊರಡಬೇಕು: ನಿಮಗಿಂತ ಮುಂಚೆ ಹೋಗುತ್ತಿದ್ದೇನೆ, ಅವಿನಯವನ್ನು ಮನ್ನಿಸಿ. ಕುಳಿತವರು ಪ್ರತಿಯಾಗಿ, ದಣಿದಿದ್ದೀರಿ ಎಂಬ ಅರ್ಥದ ಮಾತು ಹೇಳುತ್ತಾರೆ. ಆ ಮೊದಲ ಮಾತು ಬಾಯಿಗೆ ಬರದೆ ಇವನು ಆರು ತಿಂಗಳು, ತನ್ನ ಕೆಲಸ ಮುಗಿದ ಮೇಲೂ, ಮೇಲಧಿಕಾರಿ ಏಳುವತನಕ ಸುಮ್ಮನೆ ಕುರ್ಚಿಯಲ್ಲಿ ಕುಳಿತ. ಒಂದು ದಿನ ಧೈರ್ಯ ಮಾಡಿ, ಸಣ್ಣ ದನಿಯಲ್ಲಿ, ಹೇಳಿಯೇಬಿಟ್ಟ. ಯಾರೂ ತಲೆ ಎತ್ತಲಿಲ್ಲ. ಎಲ್ಲರೂ ಒಟ್ಟಿಗೆ ಉತ್ತರ ಕೊಟ್ಟರು. ‘ನನಗೆ ನೌಕರಿ ಸಿಕ್ಕಿದ್ದು ಆ ದಿನ’ ಎಂಬುದು ಅಧ್ಯಾಯದ ಕೊನೆಯ ವಾಕ್ಯ.

ಸಂಪಾದಕನಾದ ನಾನು ಮಾಡಿದ್ದೇನು? ಕೆಂಪು ಶಾಯಿಯ ಲೇಖನಿ ತೆಗೆದುಕೊಂಡೆ. ಬಾಡಿಗೆ ಹೋಯಿತು, ಕಸ ಹೋಯಿತು, ಕುರ್ಚಿ ಹೋಯಿತು. ‘ಇವು ನಿನ್ನ ಖಾಸಗಿ ತೊಂದರೆಗಳು, ಓದುಗರಿಗೆ ಜಪಾನು ಬೇಕು’ ಎಂದು ಬರೆದೆ. ಗುಡಿಗಳು, ಬುದ್ಧನ ಮೂರ್ತಿ, ಚಹದ ವಿಧಿ, ರೈಲಿನ ವೇಗ, ಜನರ ಶಿಸ್ತು ಇವುಗಳನ್ನು ಸೇರಿಸೆಂದು ಸಲಹೆ ಕೊಟ್ಟೆ. ವಿಧೇಯ ಹುಡುಗ, ಸೇರಿಸಿ ಕಳಿಸಿದ. ಲೇಖನ ಅಚ್ಚಾಯಿತು. ಸಂಚಿಕೆಯಲ್ಲಿ ಇದೇ ಉತ್ತಮ ಲೇಖನವೆಂದು ನಾಲ್ಕು ಜನ ಹೊಗಳಿದರು. ಅನಂತರ ಅವನು ಒಂದಕ್ಷರ ಬರೆಯಲಿಲ್ಲ.

ಮೂರು ವರ್ಷಗಳ ತರುವಾಯ ಅಂಕೋಲೆಯ ಬಂಡಿಹಬ್ಬಕ್ಕೆ ಬಂದವನು ನನ್ನನ್ನು ನೋಡಲು ಬಂದ. ಏಕೆ ಬರೆಯುವುದನ್ನು ಬಿಟ್ಟೆ ಎಂದು ಕೇಳಿದೆ. ಬಹಳ ಹೊತ್ತು ಚಹದ ಲೋಟ ತಿರುಗಿಸುತ್ತ ಕುಳಿತು, ಮೆಲ್ಲಗೆ ಹೇಳಿದ: ‘ಸರ್, ನೀವು ತಪ್ಪು ತಿಳೀಬೇಡಿ. ಆ ಲೇಖನವನ್ನ ನೀವು ಇಲ್ಲೇ ಕೂತು ಬರೀಬಹುದಿತ್ತು.’

ನಿಜವಾದ ಮಾತು. ಅದಕ್ಕಿಂತ ಕಠಿಣವಾದ ವಿಮರ್ಶೆಯನ್ನು ನಾನು ಯಾವ ಗ್ರಂಥದ ಮೇಲೂ ಬರೆದಿಲ್ಲ.

ಆ ಮಾತನ್ನು ಹಿಡಿದುಕೊಂಡು ನಾನು ಓದಿದ್ದನ್ನೆಲ್ಲ ಮತ್ತೆ ತಿರುವಿಹಾಕಿದೆ. ಕಾರವಾರದಲ್ಲಿ ಇರುವವರಿಗೆ ಮೊದಲು ನೆನಪಾಗುವ ಹೆಸರು ರವೀಂದ್ರನಾಥ ಠಾಕೂರರದು. ನಮ್ಮ ಕಡಲ ದಂಡೆಗೆ ಅವರ ಹೆಸರನ್ನೇ ಇಟ್ಟಿದ್ದೇವೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರ ಸುಮಾರಿಗೆ, ಇಪ್ಪತ್ತೆರಡರ ತರುಣ ರವೀಂದ್ರರು ಅವರ ಅತಿಥಿಯಾಗಿ ಬಂದಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದದ್ದು ಇಲ್ಲಿಯೇ. 1912ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ಅವರು ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು ನೆನೆದಿದ್ದಾರೆ. ದಾರಿಯಲ್ಲಿ ಇಳಿದು ಒಬ್ಬ ಬಡ ರೈತನ ಸಾರಿಸಿದ ಅಂಗಳದಲ್ಲಿ ಕುಳಿತು, ತಾವು ತಂದಿದ್ದ ಬುತ್ತಿಯನ್ನು ಉಂಡರು. ಈ ಪುಟವನ್ನು ಎಷ್ಟೋ ಸಲ ತರಗತಿಯಲ್ಲಿ ಓದಿ ಹೇಳಿ ನಾನೇ ಮೈಮರೆತಿದ್ದೇನೆ. ಆದರೆ ಈ ಸಲ ಓದುವಾಗ ಕಣ್ಣಿಗೆ ಬಿದ್ದದ್ದು ಆ ಬುತ್ತಿ. ಅಂಗಳ ರೈತನದು, ಊಟ ಅತಿಥಿಗಳದು. ಆ ಮನೆಯಲ್ಲಿ ಅಂದು ಏನು ಬೆಂದಿತ್ತು ಎಂಬುದು ಪುಟದೊಳಗೆ ಬರಲಿಲ್ಲ.

ಅದೇ ರವೀಂದ್ರರು 1916ರಲ್ಲಿ ‘ತೋಸಾ ಮಾರು’ ಎಂಬ ಹಡಗಿನಲ್ಲಿ ಜಪಾನಿಗೆ ಹೋದರು. ಆ ಪ್ರವಾಸದ ಬರವಣಿಗೆ 1919ರಲ್ಲಿ ‘ಜಪಾನ್ ಯಾತ್ರಿ’ ಎಂಬ ಪುಸ್ತಕವಾಯಿತು. ಜಪಾನಿಯರ ಮಿತಭಾಷೆ, ಮೂರೇ ಪಂಕ್ತಿಯ ಅವರ ಕವಿತೆಯ ಸಂಯಮ, ಮನೆಯೊಳಗಿನ ಖಾಲಿ ಜಾಗದ ಚೆಲುವು ಇವನ್ನೆಲ್ಲ ಅವರಷ್ಟು ಸೂಕ್ಷ್ಮವಾಗಿ ಕಂಡ ಭಾರತೀಯರು ವಿರಳ. ಅತಿಥಿಯ ಕಣ್ಣು ಕುರುಡೆಂದು ನಾನು ಹೇಳುತ್ತಿಲ್ಲ. ಟೋಕಿಯೊದಲ್ಲಿ ನಿಂತು ಜಪಾನಿನ ಉಗ್ರ ರಾಷ್ಟ್ರೀಯತೆಯನ್ನು ಖಂಡಿಸುವ ಧೈರ್ಯ ತೋರಿದವರು ಅವರೇ. ಅದರಿಂದ ಆತಿಥೇಯರ ಆದರ ತಣ್ಣಗಾಗಿದ್ದೂ ಉಂಟು. ಆದರೂ ಯೋಕೊಹಾಮಾದ ರೇಷ್ಮೆ ವ್ಯಾಪಾರಿಯ ಉದ್ಯಾನಗೃಹದಲ್ಲಿ ಇಳಿದುಕೊಂಡ ಮಹಾಕವಿಗೆ, ಮನೆ ಬಾಡಿಗೆಗೆ ಕೊಡುವ ಜಪಾನಿ ಎದುರಾಗುವ ಸಂಭವವಿರಲಿಲ್ಲ. ಅತಿಥಿಗೆ ಒಂದು ದೇಶ ತನ್ನ ನಡುಮನೆಯನ್ನು ತೋರಿಸುತ್ತದೆ. ದುಡಿಯಲು ಬಂದವನು ಹಿತ್ತಿಲ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಎರಡೂ ಅದೇ ಮನೆ. ಆದರೆ ನಾವು ಸಾಹಿತ್ಯದ ಹೆಸರಿನಲ್ಲಿ ಒಂದೇ ಬಾಗಿಲನ್ನು ಒಪ್ಪಿಕೊಂಡೆವು.

ದುಡಿದು ಬರೆದವರು ಇಲ್ಲವೆ? ಇದ್ದಾರೆ. ಲಾಫ್ಕಾಡಿಯೊ ಹರ್ನ್ 1890ರಲ್ಲಿ ಜಪಾನಿಗೆ ಹೋಗಿ ಮತ್ಸುಯೆ ಎಂಬ ಊರಿನಲ್ಲಿ ಶಾಲಾ ಮೇಷ್ಟರಾದ. ಅವನ ಹೆಸರು ಉಳಿದಿರುವುದು ದೆವ್ವದ ಕಥೆಗಳಿಂದ. ಆದರೆ 1894ರ ಅವನ ಪುಸ್ತಕದಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟರ ದಿನಚರಿಯಿಂದ ಎಂಬ ಅರ್ಥದ ಹೆಸರಿನ ದೀರ್ಘ ಪ್ರಬಂಧವಿದೆ. ಹುಡುಗರು ತಪ್ಪುತಡೆಯ ಇಂಗ್ಲಿಷಿನಲ್ಲಿ ಬರೆದ ಉತ್ತರಗಳು, ಶಾಲೆಯ ಶಿಷ್ಟಾಚಾರ, ಕಾಯಿಲೆಬಿದ್ದು ತೀರಿಕೊಂಡ ವಿದ್ಯಾರ್ಥಿ ಇವೇ ಅಲ್ಲಿಯ ಸಾಮಗ್ರಿ. ಮೇಷ್ಟರಾದ ನನಗೆ ಆ ಜಪಾನು ಅರ್ಥವಾದಷ್ಟು ಯಾವ ಉದ್ಯಾನದ ವರ್ಣನೆಯಿಂದಲೂ ಆಗಲಿಲ್ಲ. ಅವನು 1896ರಲ್ಲಿ ಜಪಾನಿನ ಪ್ರಜೆಯಾದ, ಹೆಸರು ಬದಲಾಯಿಸಿಕೊಂಡ, ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ. 1903ರಲ್ಲಿ ಆ ಕೆಲಸ ಅವನ ಕೈಬಿಟ್ಟಿತು. ಅಲ್ಲಿಗೆ ಬಂದ ನತ್ಸುಮೆ ಸೋಸೆಕಿ ತಾನೂ 1900ರಿಂದ 1902ರವರೆಗೆ ಲಂಡನ್ನಿನಲ್ಲಿ ಪರದೇಶಿಯಾಗಿ ಒಂದು ಬಾಡಿಗೆ ಕೋಣೆಯಿಂದ ಇನ್ನೊಂದಕ್ಕೆ ಅಲೆದು ಬೇಸತ್ತು ಬಂದವನು. ಮುಂದೆ ಜಪಾನಿನ ಹಿರಿಯ ಕಾದಂಬರಿಕಾರನಾದ. ಜಪಾನಿಯರು ಚೆರಿಯ ಹೂವನ್ನು ಮಾತ್ರ ಬರೆದರೆಂಬುದೂ ನಮ್ಮ ಭ್ರಮೆ. ಕೊಬಾಯಾಶಿ ತಕಿಜಿ 1929ರಲ್ಲಿ ಬರೆದ ‘ಕಾನಿಕೋಸೆನ್’, ಕಮ್ಚಟ್ಕಾದ ಸಮುದ್ರದಲ್ಲಿ ಏಡಿ ಹಿಡಿದು ಡಬ್ಬಿಗೆ ತುಂಬುವ ಹಡಗಿನ ಕೂಲಿಗಳ ಕಾದಂಬರಿ. ಲೇಖಕ 1933ರಲ್ಲಿ ಪೊಲೀಸರ ವಶದಲ್ಲಿದ್ದಾಗ ಸತ್ತ. 2008ರಲ್ಲಿ, ಕಾಯಂ ನೌಕರಿಯ ಭರವಸೆಯಿಲ್ಲದ ಅಲ್ಲಿಯ ತರುಣರು ಆ ಹಳೆಯ ಪುಸ್ತಕವನ್ನು ಮತ್ತೆ ಲಕ್ಷಗಟ್ಟಲೆ ಕೊಂಡು ಓದಿದರು.

ಇನ್ನು ನಮ್ಮ ಮನೆಯ ಮಾತು. ಕೆಂಪು ಶಾಯಿ ಹಿಡಿದು ಕುಳಿತ ನಾನು ಮರೆತದ್ದು ನಮ್ಮ ಜಿಲ್ಲೆಯನ್ನೇ ಎಂಬುದು ನನಗೆ ಹೆಚ್ಚು ನಾಚಿಕೆಯ ಸಂಗತಿ. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯ ಕಂಪನಿಯಲ್ಲಿ ರಸಾಯನಶಾಸ್ತ್ರದ ಉದ್ಯೋಗದಲ್ಲಿ ಬಾಳು ಕಳೆದವರು. 1979ರಲ್ಲಿ ಬಂದ ಅವರ ‘ಶಿಕಾರಿ’ಯ ನಾಗಪ್ಪ ಅಮೇರಿಕೆಗೆ ಹೊರಡಲಿರುವ ಹೊತ್ತಿನಲ್ಲೇ ಕೆಲಸದಿಂದ ಅಮಾನತಾಗುತ್ತಾನೆ. ಒಂದು ಆಫೀಸು, ಒಂದು ಫೋನು, ಮೇಲಧಿಕಾರಿಯ ಮುಖದ ಒಂದು ಗೆರೆ, ಬಾಲ್ಯದ ಪರಿಚಯದ ಶ್ರೀನಿವಾಸ ಇಂಥ ವಸ್ತುಗಳಿಂದಲೇ ಆ ಮಹಾಭೀತಿ ಕಟ್ಟಿಕೊಳ್ಳುತ್ತದೆ. ಮುಂಬಯಿಯ ಯಾವ ಪ್ರೇಕ್ಷಣೀಯ ಸ್ಥಳವೂ ಅದರಲ್ಲಿ ನಮಗೆ ನೆನಪುಳಿಯುವುದಿಲ್ಲ. ಉಳಿಯುವುದು ಮನೆಯ ಬಾಗಿಲ ಗಂಟೆಯ ಸದ್ದಿಗೆ ನಡುಗುವ ಮನುಷ್ಯ. ಇದನ್ನು ನಾನು ಎಂ.ಎ. ತರಗತಿಯಲ್ಲಿ ಓದಿ ಮೆಚ್ಚಿದವನು. ಆದರೆ ಅದೇ ಜಿಲ್ಲೆಯ ಹುಡುಗನೊಬ್ಬ ಟೋಕಿಯೊದ ಕುರ್ಚಿಯ ಮೇಲೆ ಆರು ತಿಂಗಳು ಏಳಲಾರದೆ ಕುಳಿತದ್ದನ್ನು ಬರೆದಾಗ ಖಾಸಗಿ ತೊಂದರೆಯೆಂದು ಹೊಡೆದುಹಾಕಿದೆ. ಕಾದಂಬರಿಯಲ್ಲಿ ಗುರುತಿಸಿದ್ದನ್ನು ಕೈಬರಹದಲ್ಲಿ ಗುರುತಿಸಲಾರದ ವಿಮರ್ಶೆಗೆ ಏನು ಬೆಲೆ?

ನಮ್ಮ ಜಿಲ್ಲೆಯದೇ ಇನ್ನೊಂದು ಹೆಸರು ದಿನಕರ ದೇಸಾಯಿಯವರದು. ಅಲಗೇರಿಯಲ್ಲಿ 1909ರಲ್ಲಿ ಹುಟ್ಟಿ, ಭಾರತ ಸೇವಕ ಸಮಾಜವನ್ನು ಸೇರಿ, ಮುಂಬಯಿಯಲ್ಲಿ ಹಡಗಿನ ಕೆಲಸಗಾರರನ್ನು ಸಂಘಟಿಸಿದವರು. ಪರದೇಶದ ಬಂದರುಗಳಲ್ಲಿ ದುಡಿಯುವ ನಮ್ಮ ಖಲಾಸಿಗಳ ಬದುಕನ್ನು ಅವರಷ್ಟು ಹತ್ತಿರದಿಂದ ಬಲ್ಲ ಕನ್ನಡ ಕವಿ ಬೇರೊಬ್ಬರಿಲ್ಲ. ಭಾರತದ ಕಡಲ ಕಾರ್ಮಿಕರನ್ನು ಕುರಿತು ಅವರು ಒಂದು ಗ್ರಂಥವನ್ನೇ ಬರೆದರು, ಆದರೆ ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಅವರಿಂದ ಬಂದದ್ದು ಮಕ್ಕಳ ಪದ್ಯಗಳು, ಮನೆಮಾತಾದ ಚುಟುಕಗಳು. ಬಡವನ ಪರವಾದ ದನಿ ಅವುಗಳಲ್ಲೂ ಇದೆ, ನಿಜ. ಆದರೆ ಖಲಾಸಿಯ ಸಂಬಳ, ಪಾಳಿ, ಮಲಗುವ ಹಲಗೆ ಇವಕ್ಕೆ ವರದಿಯ ಭಾಷೆಯೇ ತಕ್ಕದ್ದು, ಕನ್ನಡ ಸಾಹಿತ್ಯಕ್ಕೆ ಇವು ಸಲ್ಲವು ಎಂಬ ವಾತಾವರಣ ಆಗ ಇತ್ತು. ಅದಕ್ಕೆ ಕವಿಯನ್ನು ದೂರಲಾರೆ. ಆ ವಾತಾವರಣವನ್ನು ಕಾಯ್ದುಕೊಂಡು ಬಂದವರು ನನ್ನಂಥ ಮೇಷ್ಟರು.

ಹೊನ್ನಾವರದ ಕೃಷ್ಣಾನಂದ ಕಾಮತರು ಈ ಗೋಡೆಯನ್ನು ಸ್ವಲ್ಪ ಒಡೆದರು. 1960ರ ದಶಕದಲ್ಲಿ ಅಮೇರಿಕೆಯಲ್ಲಿ ಓದಿ ಬಂದು ಬರೆದ ಪುಸ್ತಕಕ್ಕೆ ಅವರು ‘ನಾನೂ ಅಮೇರಿಕೆಗೆ ಹೋಗಿದ್ದೆ’ ಎಂದು ಹೆಸರಿಟ್ಟರು. ‘ನಾನು’ ಅಲ್ಲ, ‘ನಾನೂ’. ಆ ಒಂದು ದೀರ್ಘದಲ್ಲಿ ಪ್ರವಾಸ ಕಥನದ ಎಲ್ಲ ಗತ್ತಿಗೂ ಒಂದು ಚಿವುಟು ಇದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳದೆ ಇದ್ದರೆ ವಿಮರ್ಶೆ ಏಕಮುಖವಾಗುತ್ತದೆ. ದುಡಿಮೆಯ ವಿವರವೆಲ್ಲ ಸಾಹಿತ್ಯವಲ್ಲ. ನನ್ನ ವಿದ್ಯಾರ್ಥಿಯ ಹದಿನಾಲ್ಕು ಪುಟಗಳನ್ನು ಈಗ ಹೊಸದಾಗಿ ಓದಿದರೂ ಅವುಗಳಲ್ಲಿ ದೋಷ ಕಾಣುತ್ತದೆ. ಖರ್ಚಿನ ಪಟ್ಟಿ ಎರಡು ಪುಟ ಹಬ್ಬಿದೆ. ಅಲ್ಲಿ ಬರೆಹಗಾರನಿಲ್ಲ, ಲೆಕ್ಕಿಗ ಇದ್ದಾನೆ. ಮನೆ ನಿರಾಕರಿಸಿದ ಮಾಲಿಕರ ಮೇಲೆ ಅರ್ಧ ಪುಟ ಸಿಟ್ಟಿದೆ. ಸಿಟ್ಟು ನ್ಯಾಯವಾದದ್ದೇ, ಆದರೆ ಅಲ್ಲಿ ಮಾಲಿಕ ಬರಿಯ ದುಷ್ಟನಾಗಿ, ದಲ್ಲಾಳಿಯ ಫೋನಿನ ಆ ಒಂದು ವಾಕ್ಯದಲ್ಲಿದ್ದ ಇರಿತ ಮೊಂಡಾಗಿದೆ. ಕಾರವಾರದಲ್ಲಿ, ಮುಂಬಯಿಯಲ್ಲಿ ನಾವು ಮನೆ ಬಾಡಿಗೆಗೆ ಕೊಡುವಾಗ ಮೊದಲು ಕೇಳುವ ಪ್ರಶ್ನೆ ಯಾವುದು ಎಂಬುದು ಅವನಿಗೆ ಒಮ್ಮೆ ಹೊಳೆದಿದ್ದರೆ ಆ ಅರ್ಧ ಪುಟ ಬೇರೆ ಎತ್ತರಕ್ಕೆ ಏರುತ್ತಿತ್ತು. ಮೀನಿನ ಮುಳ್ಳಿನ ಭಾಗ ಹಾಗಲ್ಲ. ಅಲ್ಲಿ ದೂರಿಲ್ಲ, ಲೆಕ್ಕವಿಲ್ಲ. ಎರಡು ಅಡಿಗೆಮನೆಗಳು ಒಂದರ ಪಕ್ಕದಲ್ಲಿ ಒಂದು ಇವೆ, ನಡುವೆ ಗುರುವಾರಕ್ಕೆ ಕಾಯುವ ಮನುಷ್ಯನಿದ್ದಾನೆ. ಕುರ್ಚಿಯ ಭಾಗವೂ ಅಂಥದೇ. ದಿನಚರಿಯ ವಿವರ ಮನುಷ್ಯ ಸಂಬಂಧವೊಂದನ್ನು ಬಯಲಿಗೆ ತಂದಾಗ ಅದು ಸಾಹಿತ್ಯವಾಗುತ್ತದೆ. ಸಂಪಾದಕನ ಕೆಲಸ ಈ ಎರಡು ಬಗೆಯನ್ನು ಬೇರ್ಪಡಿಸುವುದು. ನಾನಾದರೋ ಪಟ್ಟಿಯನ್ನೂ ಕುರ್ಚಿಯನ್ನೂ ಒಂದೇ ಗೆರೆಯಲ್ಲಿ ಹೊಡೆದೆ.

ಈ ಚರ್ಚೆ ಒಬ್ಬ ಹುಡುಗನದಷ್ಟೇ ಅಲ್ಲ. ಜಪಾನಿನಲ್ಲಿ ದುಡಿಯುವ ವಿದೇಶಿಯರ ಸಂಖ್ಯೆ 2023ರ ಅಕ್ಟೋಬರಿಗೆ 20 ಲಕ್ಷ ದಾಟಿತು. ಮುಪ್ಪು ಕವಿಯುತ್ತಿರುವ ಆ ದೇಶ 2019ರ ಏಪ್ರಿಲಿನಿಂದ ಶುಶ್ರೂಷೆ, ಕೃಷಿ, ಕಟ್ಟಡ ಮುಂತಾದ ಕೆಲಸಗಳಿಗೆ ಹೊಸ ಬಗೆಯ ವೀಸಾ ತೆರೆದು ಹೊರಗಿನವರನ್ನು ಕರೆಯುತ್ತಿದೆ. ಟೋಕಿಯೊದ ನಿಶಿ-ಕಸಾಯಿಯಲ್ಲಿ ಭಾರತೀಯ ಎಂಜಿನಿಯರರ ಸಂಸಾರಗಳು ಬೀಡುಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ನಮ್ಮ ಜಿಲ್ಲೆಯ ಮಾತಿಗೆ ಬಂದರೆ, ಕಾಳಿ ಸೇತುವೆ ದಾಟಿ ಗೋವೆಗೆ, ಮುಂಬಯಿಗೆ, ಕೊಲ್ಲಿಯ ದೇಶಗಳಿಗೆ ದುಡಿಯಲು ಹೋಗುವುದು ತಲೆಮಾರುಗಳ ರೂಢಿ. ಇವರು ಮನೆಗೆ ಹಣ ಕಳಿಸುತ್ತಾರೆ, ಫೋನಿನಲ್ಲಿ ಚೆನ್ನಾಗಿದ್ದೇನೆ ಎನ್ನುತ್ತಾರೆ, ರಜೆಗೆ ಬಂದಾಗ ನೋಡಿದ ಜಾಗಗಳ ಚಿತ್ರ ತೋರಿಸುತ್ತಾರೆ. ದುಡಿದ ಜಾಗದ ಚಿತ್ರವನ್ನು ಯಾರೂ ತೋರಿಸುವುದಿಲ್ಲ, ನಾವೂ ಕೇಳುವುದಿಲ್ಲ. ಆ ಹುಡುಗನ ಆಯಿ ಸ್ಮರಣ ಸಂಚಿಕೆಯ ಲೇಖನವನ್ನು ಎರಡು ಸಲ ಓದಿಸಿ ಕೇಳಿದಳಂತೆ. ‘ಊರು ಚಂದ ಇದ್ದಾಂಗ್ ಕಾಣ್ತದೆ, ನೀ ಅಲ್ಲಿ ದಿನಾ ಏನ್ ಮಾಡ್ತೆ ಅದ್ರಾಗ್ ಬರಲೇ ಇಲ್ವಲ್ಲ’ ಎಂದಳಂತೆ. ಓದುಬರಹ ಕಡಿಮೆ ಬಲ್ಲ ಆ ತಾಯಿ ಕೇಳಿದ ಪ್ರಶ್ನೆಯನ್ನು ಎಂ.ಎ. ಓದಿದ ನಾನು ಕೇಳಿರಲಿಲ್ಲ.

ಕೆಂಪು ಶಾಯಿಯ ಆ ಹಳೆಯ ಪ್ರತಿ ನನ್ನ ಕಪಾಟಿನಲ್ಲಿಯೇ ಇತ್ತು. ಹೊಡೆದ ಗೆರೆಗಳ ಕೆಳಗಿನ ಅಕ್ಷರಗಳು ಇನ್ನೂ ಸ್ಪಷ್ಟವಾಗಿ ಓದಲು ಬರುತ್ತವೆ. ಕಳೆದ ತಿಂಗಳು ಅದರ ನಕಲು ಮಾಡಿಸಿ ಅವನಿಗೆ ಕಳಿಸಿದೆ. ನನ್ನ ತಪ್ಪಾಯಿತು, ಪಟ್ಟಿ ಬಿಟ್ಟು ಉಳಿದದ್ದೆಲ್ಲ ಹಾಗೆಯೇ ಇರಲಿ, ಮುಂದಕ್ಕೆ ಬರೆ ಎಂದು ಒಂದು ಚೀಟಿ ಜೊತೆಗಿಟ್ಟೆ. ಎಂಟು ದಿನ ಉತ್ತರ ಬರಲಿಲ್ಲ. ಒಂಬತ್ತನೆಯ ದಿನ ಬಂದದ್ದು ಒಂದೇ ಸಾಲು: ‘ಸರ್, ಅಲ್ಲಿಂದ ಮನೆ ಬದಲಿಸಿದ್ದೇನೆ, ಬಾಡಿಗೆ ಹೆಚ್ಚಾಗಿದೆ, ಆ ಪುಟ ಮೊದಲಿನಿಂದ ಬರೀಬೇಕು.’